ಒಂದು ಸ್ಟೋವು, ಎರಡು ಖೋಲಿ

ಹಿತ್ತಾಳೆಯ ಪಂಪ್ ಸ್ಟೋವಿನ ಹೊಟ್ಟೆಯಲ್ಲಿ ಎಣ್ಣೆ ಬತ್ತಿ ಎಷ್ಟೋ ವರ್ಷಗಳಾದವು. ಆದರೂ ಹೋದ ವಾರ ಅದಕ್ಕೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದಾಗ ಗಾಳಿ ಬಿಡುವ ತಿರುಪು ಸ್ವಲ್ಪ ಸಡಿಲವಾಯಿತು, ಸೀಮೆಎಣ್ಣೆಯ ವಾಸನೆ ಮೂಗಿಗೆ ಬಂದು ಬಡಿಯಿತು. ಮಲಾಡಿನ ಈ ಏಳನೆಯ ಮಹಡಿಯ ಬಾಡಿಗೆ ಮನೆಯಲ್ಲಿ ಟೈಲ್ಸ್, ಚಿಮ್ನಿ, ಪೈಪಿನಲ್ಲಿ ಬರುವ ಗ್ಯಾಸ್ ಎಲ್ಲ ಇದೆ, ವಾಸನೆ ಮಾತ್ರ ಯಾವುದರದ್ದೂ ಇಲ್ಲ. ಎಪ್ಪತ್ನಾಲ್ಕು ವರ್ಷದ ನಾನು ಸಿಂಕಿನ ಮುಂದೆ ನಿಂತವಳು ನಿಂತಲ್ಲಿಂದಲೇ ಆಂಟಾಪ್ ಹಿಲ್‌ನ ನಮ್ಮ ಚಾಳಿನ ಗ್ಯಾಲರಿಗೆ ಹೋಗಿಬಿಟ್ಟೆ. ಆ ಎಣ್ಣೆಗೆ ಅವ್ವ ಚಿಮಣಿ ಎಣ್ಣಿ ಅನ್ನುತ್ತಿದ್ದಳು, ಪಕ್ಕದ ಖೋಲಿಯ ಖಾಲಾ ಘಾಸ್ಲೇಟ್ ಅನ್ನುತ್ತಿದ್ದಳು, ರೇಷನ್ ಅಂಗಡಿಯವನು ರಾಕೆಲ್ ಅನ್ನುತ್ತಿದ್ದ, ನನ್ನ ಕಾನ್ವೆಂಟಿನ ಸಿಸ್ಟರ್ ಕೆರೋಸಿನ್ ಅನ್ನುತ್ತಿದ್ದರು. ಡಬ್ಬಿ ಹಿಡಿದು ಕ್ಯೂನಲ್ಲಿ ನಿಲ್ಲುವವಳು ನಾನು, ನನಗೆ ನಾಲ್ಕೂ ಗೊತ್ತಿದ್ದವು. ನೀವೂ ಇಂಥದೊಂದು ಗ್ಯಾಲರಿಯಿಂದ ಇಳಿದು ಬಂದವರಾದರೆ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲವಾದರೆ ಸ್ವಲ್ಪ ಕೂತು ಕೇಳಿ. ನಿಮ್ಮನ್ನು ಅಳಿಸುವುದಕ್ಕೆ ಬರೆಯುತ್ತಿಲ್ಲ. ನಮ್ಮನ್ನು ಕಾಗದದ ಮೇಲೆ ಅಳಿಸಲು ನೋಡಿದವರಿಗೆ ಉತ್ತರವಾಗಿ ಬರೆಯುತ್ತಿದ್ದೇನೆ.

ಚಾಳಿನ ಎರಡನೆಯ ಮಾಳಿಗೆಯಲ್ಲಿ ಉದ್ದಕ್ಕೆ ಒಂದೇ ಗ್ಯಾಲರಿ, ಸಾಲಾಗಿ ಖೋಲಿಗಳು, ತುದಿಗೆ ನಲ್ಲಿ. ಬೆಳಿಗ್ಗೆ ಕಣ್ಣು ಮುಚ್ಚಿಕೊಂಡು ನಡೆದರೂ ಯಾರ ಬಾಗಿಲ ಮುಂದೆ ಇದ್ದೇನೆಂದು ಹೇಳಬಲ್ಲವಳಾಗಿದ್ದೆ. ತಮಿಳು ಮಾಮಿಯ ಮನೆಯೆದುರು ಕಾಫಿ, ಮರಾಠಿ ಮಾವಶಿಯ ಮನೆಯೆದುರು ಬೋಂಬಿಲ್ ಮೀನು ಹುರಿಯುವ ಕಮಟು, ಕೊನೆಯ ಖೋಲಿಯ ಫಿಲೋಮಿನಾ ಆಂಟಿಯ ಮನೆಯೆದುರು ವಿನೆಗರ್ ಮತ್ತು ಮೇಣದ ಬತ್ತಿ. ಗ್ಯಾಲರಿಯ ಕಟಕಟೆಗೆ ಒರಗಿದರೆ ದೂರದಲ್ಲಿ ವಡಾಲಾ ಕಡೆಯ ಉಪ್ಪಿನ ಗದ್ದೆಗಳು, ಬಿಸಿಲಿಗೆ ಕಣ್ಣು ಕುಕ್ಕುವ ಬಿಳಿ ರಾಶಿಗಳು. ಗಾಳಿ ಆ ಕಡೆಯಿಂದ ಬೀಸಿದರೆ ತುಟಿ ಉಪ್ಪಾಗುತ್ತಿತ್ತು. ಧಾರಾವಿ ಕಡೆಯಿಂದ ಬೀಸಿದರೆ ತೊಗಲು ಹದ ಮಾಡುವ ವಾಸನೆ. ಆಗ ಫಿಲೋಮಿನಾ ಆಂಟಿ ಪಟಪಟನೆ ಕಿಟಕಿ ಮುಚ್ಚುತ್ತಿದ್ದಳು. ಹನ್ನೊಂದನೆಯ ಖೋಲಿಯ ಖಾತೂನ್ ಖಾಲಾ ಹೊಸ್ತಿಲಲ್ಲಿ ಕೂತೇ ಹೇಳುತ್ತಿದ್ದಳು: "ಮುಚ್ಚಬ್ಯಾಡ್ರಿ ಆಂಟಿ. ನಮ್ಮ ಮನೀಯವರು ಬರಾಕತ್ತಾರ, ಮುಂಚಿತ ಸುದ್ದಿ ಕಳಿಸ್ಯಾರ." ಖಾಲಾಳ ಗಂಡ, ನಮ್ಮ ಖಾಲೂ, ಧಾರಾವಿಯ ತೊಗಲಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ನಮ್ಮಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಇಬ್ಬರೂ ಬಿಜಾಪುರದ ಕಡೆಯವರು, ಒಂದೇ ರೈಲಿನಲ್ಲಿ, ಒಂದೇ ಬುತ್ತಿ ಗಂಟು ಬಿಚ್ಚಿ ಉಂಡು ಬಂದವರು. ಬಂದು ಅಕ್ಕಪಕ್ಕದ ಖೋಲಿ ಹಿಡಿದರು, ಅವರು ಹನ್ನೊಂದು, ನಾವು ಹನ್ನೆರಡು. ಇಬ್ಬರೂ ಸೇರಿ ಒಂದು ಸ್ಟೋವು ಕೊಂಡರು.

ಒಂದು ಸ್ಟೋವಿನಲ್ಲಿ ಎರಡು ಮನೆ ಹೇಗೆ ಅಂತ ನನ್ನ ತಮ್ಮನ ಮೊಮ್ಮಗಳು ರಿಯಾ ಕೇಳುತ್ತಾಳೆ, ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ. ಪಾಳಿಯ ಮೇಲೆ. ಖಾಲೂ ಬೇಗ ಹೊರಡುವವನು, ಹಾಗಾಗಿ ಬೆಳಗಿನ ಮೊದಲ ಪಾಳಿ ಖಾಲಾಳದು. ಅವಳ ರೊಟ್ಟಿ ಪಲ್ಯ ಆದ ಮೇಲೆ ಸ್ಟೋವು ನಮ್ಮ ಹೊಸ್ತಿಲು ದಾಟಿ ಬರುತ್ತಿತ್ತು. ಸಂಜೆ ಅದೇ ತಿರುಗುಮುರುಗು. ಇದಕ್ಕೆ ಕಟ್ಟುನಿಟ್ಟಿನ ರೂಲ್ಸ್ ಇದ್ದವು. ಉರಿಯುವ ಸ್ಟೋವು ಹೊಸ್ತಿಲು ದಾಟಬಾರದು. ಬರ್ನರ್ ಕಟ್ಟಿಕೊಂಡಿದ್ದರೆ ಪಿನ್ನು ಹಾಕಿ ಸರಿ ಮಾಡಿಯೇ ದಾಟಿಸಬೇಕು. ಎಲ್ಲಕ್ಕಿಂತ ದೊಡ್ಡದು, ಒಣ ಸ್ಟೋವು ಕೊಡಬಾರದು. ಎಣ್ಣೆಯ ಕ್ಯೂನಿಂದ ಬರಿಗೈಯಲ್ಲಿ ಬಂದ ದಿನವೂ ಅಷ್ಟೇ, ತಮ್ಮ ಅಡುಗೆ ಅರ್ಧಕ್ಕೆ ನಿಲ್ಲಿಸಿಯಾದರೂ ತಳದಲ್ಲಿ ಒಂದು ಗುಟುಕು ಉಳಿಸಿ ಕೊಡುತ್ತಿದ್ದರು. ಮಧ್ಯಾಹ್ನ ಶಾಲೆಯಿಂದ ಬಂದರೆ ಯಾರ ಮನೆಯಲ್ಲಿ ಬುಸ್ಸೆನ್ನುವ ಸದ್ದೋ ಆ ಮನೆಯಲ್ಲಿ ತಾಟು ಹಾಕಿಕೊಂಡು ಕೂರುವುದು. ಶುಕ್ರವಾರದ ಮಟನ್ನಿಗೆ ಮಾತ್ರ ಖಾಲಾ ಗ್ಯಾಲರಿಯಲ್ಲಿ ಇದ್ದಿಲಿನ ಸಿಗಡಿ ಒಲೆ ಹಚ್ಚುತ್ತಿದ್ದಳು. ಅವ್ವ ಬೇರೆ ಒಲೆ ಹಚ್ಚು ಅಂದವಳಲ್ಲ, ಖಾಲಾ ಕೇಳಿದವಳೂ ಅಲ್ಲ. ಒಮ್ಮೆ ಊರಿಂದ ಬಂದ ನಮ್ಮ ದೊಡ್ಡವ್ವ ಹನ್ನೊಂದರಿಂದ ಬಂದ ಸ್ಟೋವನ್ನು ನೋಡಿ ಸೆರಗು ಮೂಗಿಗೆ ಹಿಡಿದಳು. "ಲಿಂಗಾ ಕಟ್ಟಿದ ಮನ್ಯಾಗ ಇದೇನ ಚಂದ ಬೇ ಗೌರವ್ವಾ? ಮೈಲಿಗಿ ಅನ್ನೂದು ಮುಂಬೈ ನೀರಾಗ ತೊಳಕೊಂಡು ಹೋತೇನ?" ಅವ್ವ ಹಿಟ್ಟು ನಾದುತ್ತಲೇ ಅಂದಳು: "ಬೆಂಕೀಗೆ ಯಾತರ ಮೈಲಿಗಿ ಯಕ್ಕಾ? ಅದು ಎಲ್ಲಾ ಸುಡತೈತಿ. ಹಸದಿದ್ರ ಕುಂದರು, ಇಲ್ಲಂದ್ರ ನಲ್ಲೀ ನೀರು ಐತಿ." ದೊಡ್ಡವ್ವ ಕೂತಳು. ಮೂರು ರೊಟ್ಟಿ ತಿಂದಳು. ನಾಲ್ಕನೆಯದಕ್ಕೆ ಖಾಲಾಳ ಶೇಂಗಾ ಚಟ್ನಿ ಕೇಳಿ ಹಾಕಿಸಿಕೊಂಡಳು.

ನನ್ನ ವಯಸ್ಸು, ಖಾಲಾಳ ಮಗಳು ರಹಮತ್‌ಳ ವಯಸ್ಸು ಒಂದೇ. ಅವಳು ಮುನಿಸಿಪಾಲ್ಟಿ ಶಾಲೆಗೆ, ನಾನು ಅಪ್ಪನ ಸಾಹೇಬರು ಕೊಟ್ಟ ಚೀಟಿಯ ದಯದಿಂದ ಕಾನ್ವೆಂಟಿಗೆ. ಕನ್ನಡ ಅಕ್ಷರ ಮಾತ್ರ ನಮಗಿಬ್ಬರಿಗೂ ಅವ್ವ ಕಲಿಸಿದ್ದು, ತಾಟಿನಲ್ಲಿ ಜೋಳದ ಹಿಟ್ಟು ಹರವಿ ಅದರ ಮೇಲೆ ಬೆರಳಿಂದ. ತಪ್ಪಾದರೆ ತಾಟು ಅಲ್ಲಾಡಿಸಿದರೆ ಆಯಿತು, ಹಿಟ್ಟು ತಾನೇ ಸಮವಾಗುತ್ತಿತ್ತು. ಕಾನ್ವೆಂಟಿನಲ್ಲಿ ಅಂಥ ಅನುಕೂಲ ಇರಲಿಲ್ಲ. ಇಂಕಿನಲ್ಲಿ ಬರೆದದ್ದು ಬರೆದದ್ದೇ. ನಮ್ಮ ಸಿಸ್ಟರ್ ಎರಡು ಪಾಠವನ್ನು ಫೂಟ್‌ರೂಲಿನಿಂದ ಗೆಣ್ಣಿಗೆ ಹೊಡೆದು ಕೂರಿಸಿದ್ದರು: ಇನ್‌ಸ್ಟ್ರಕ್ಷನ್ ಎರಡು ಸಲ ಓದು, ಕಂಪ್ಲೀಟ್ ಆನ್ಸರ್ ಬರಿ. ಒಂಬತ್ತನೆಯ ವಯಸ್ಸಿಗೇ ನನ್ನ ಹ್ಯಾಂಡ್‌ರೈಟಿಂಗ್ ಚಾಳಿಗೆಲ್ಲ ಪ್ರಸಿದ್ಧವಾಗಿತ್ತು. ಮನಿಆರ್ಡರ್ ಫಾರಂ, ರಜೆ ಅರ್ಜಿ, ಫಿಲೋಮಿನಾ ಆಂಟಿಯ ಮಗ ಹಡಗಿನಿಂದ ಬರೆಯುವ ಪತ್ರಕ್ಕೆ ಉತ್ತರ, ಎಲ್ಲ ನನ್ನದೇ. ಹಾಗಾಗಿ ಒಂದು ದಿನ ಯಾವುದೋ ಆಫೀಸಿನಿಂದ ಚಾಳಿನ ನಿವಾಸಿಗಳ ಪಟ್ಟಿ ಮಾಡಲು ಬಂದ ಸಾಹೇಬರು ಇಂಗ್ಲಿಷ್ ಬರುವವರು ಯಾರು ಅಂದಾಗ ಇಡೀ ಗ್ಯಾಲರಿ ಯೂನಿಫಾರ್ಮಿನಲ್ಲಿದ್ದ ನನ್ನ ಕಡೆ ಬೆರಳು ಮಾಡಿತು. ಅವರು ಖೋಲಿಗೊಂದರಂತೆ ಹಾಳೆ ಕೊಟ್ಟು, ಸಂಜೆ ಬಂದು ಒಯ್ಯುತ್ತೇನೆಂದು ಹೋದರು.

ನಾನು ಇನ್‌ಸ್ಟ್ರಕ್ಷನ್ ಎರಡು ಸಲ ಓದಿದೆ. ಒಂದೇ ಅಡುಗೆಯಲ್ಲಿ ಉಣ್ಣುವವರನ್ನೆಲ್ಲ ಒಂದು ಕುಟುಂಬವೆಂದು ಒಂದೇ ಹಾಳೆಯಲ್ಲಿ ಬರೆಯಬೇಕು ಅಂತ ಅದರಲ್ಲಿ ಸ್ಪಷ್ಟವಾಗಿ ಇತ್ತು. ಗೋಡೆಯ ಮಾತು ಎಲ್ಲೂ ಇರಲಿಲ್ಲ, ಬಾಗಿಲಿನ ಮಾತೂ ಇರಲಿಲ್ಲ. ನಮ್ಮದು ಒಂದೇ ಸ್ಟೋವು. ಸಿಸ್ಟರ್ ಸುಳ್ಳು ಬರೆಯಬೇಡ ಅಂದಿದ್ದರು. ಹನ್ನೆರಡನೆಯ ಖೋಲಿಯ ಹಾಳೆಯಲ್ಲಿ ಒಂಬತ್ತು ಹೆಸರು ಬರೆದೆ. ಅಪ್ಪ, ಅವ್ವ, ನಾನು, ಇಬ್ಬರು ತಮ್ಮಂದಿರು. ಆಮೇಲೆ ಖಾಲೂ, ಖಾಲಾ, ರಹಮತ್, ಅವಳ ತಮ್ಮ ಬಾಬು. ಸಂಬಂಧ ಏನು ಅನ್ನುವ ಕಾಲಮಿನಲ್ಲಿ ಖಾಲಾಳ ಮುಂದೆ ಆಂಟ್, ರಹಮತ್‌ಳ ಮುಂದೆ ಸಿಸ್ಟರ್. ಹನ್ನೊಂದರ ಹಾಳೆಯ ಮೇಲೆ ಚಂದದ ಕರ್ಸಿವ್‌ನಲ್ಲಿ ಒಂದೇ ಸಾಲು: ಸೀ ರೂಮ್ ಟ್ವೆಲ್ವ್. ಅಪ್ಪ ಓದಲಿಲ್ಲ, ಅಕ್ಷರ ನೋಡಿ ಹಿಗ್ಗಿ ಸಹಿ ಹಾಕಿದ. ಖಾಲೂ ಹೆಬ್ಬೆಟ್ಟು ಒತ್ತಿದ. ಖಾಲಾ ನನ್ನ ನೆತ್ತಿಯ ಮೇಲಿನಿಂದ ಕೈ ಇಳಿಸಿ ತನ್ನ ಕಣತಲೆಗೆ ಲಟಿಗೆ ಮುರಿದು ದೃಷ್ಟಿ ತೆಗೆದಳು. ಆ ಪಟ್ಟಿಯ ಪ್ರಕಾರ ಆಮೇಲೆ ಹನ್ನೊಂದರ ಬಾಡಿಗೆ ಚೀಟಿಯೂ ಅಪ್ಪನ ಹೆಸರಿಗೇ ಬರತೊಡಗಿತು. ಖಾಲೂ ಅದನ್ನು ಮಡಚಿ ಟ್ರಂಕಿನಲ್ಲಿ ಇಡುತ್ತಿದ್ದ. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಅದು ತಪ್ಪು ಅಂತ ನಮಗೆ ಗೊತ್ತಾಗುವುದಕ್ಕೆ ಎಷ್ಟೋ ಮೊದಲು ಆ ತಪ್ಪು ಒಂದು ಸಲ ನಮ್ಮ ಹೊಸ್ತಿಲನ್ನು ಕಾಯಿತು. ಕೋಮು ಗಲಭೆಯಲ್ಲಿ ಈ ಶಹರವೇ ಹೊತ್ತಿ ಉರಿದ ಆ ಚಳಿಗಾಲ, ಮುಂಬೈಯವರಾದರೆ ನಿಮಗೆ ನೆನಪಿರಬೇಕು. ಅಷ್ಟು ಹೊತ್ತಿಗೆ ಅಪ್ಪ, ಖಾಲೂ ಇಬ್ಬರೂ ತೀರಿಹೋಗಿದ್ದರು, ನನ್ನ ತಮ್ಮಂದಿರೂ ಬಾಬುವೂ ಬೇರೆ ಕಡೆ ಮನೆ ಮಾಡಿದ್ದರು. ನಾನು ಮದುವೆಯಾಗದೆ ಆಫೀಸಿನಲ್ಲಿ ಸ್ಟೆನೋ ಆಗಿದ್ದೆ. ರಹಮತ್ ಗಂಡನನ್ನು ಕಳೆದುಕೊಂಡು ತವರಿನ ಖೋಲಿಗೆ ಮರಳಿ ಬ್ಲೌಸ್ ಹೊಲಿಯುತ್ತಿದ್ದಳು. ಒಂದು ಮಧ್ಯಾಹ್ನ ಕೈಯಲ್ಲಿ ಕಾಗದ ಹಿಡಿದ ನಾಲ್ವರು ಮೆಟ್ಟಿಲು ಹತ್ತಿ ಬಂದರು. ಖಾಲಾ, ರಹಮತ್ ನಮ್ಮ ಖೋಲಿಯ ಒಳಗೆ. ಅವ್ವ ಸ್ಟೋವು ಎತ್ತಿಕೊಂಡು ಹನ್ನೊಂದರ ಬಾಗಿಲಲ್ಲಿ ಕೂತು, ಹಣೆ ತುಂಬ ವಿಭೂತಿ ಇಟ್ಟುಕೊಂಡು ರೊಟ್ಟಿ ಬಡಿಯುತ್ತಿದ್ದಳು. ಈ ಕಮರಾ ಯಾರದು ಅಂತ ಹಿಂದಿಯಲ್ಲಿ ಕೇಳಿದರು. "ಹಮಾರಾ," ಅಂದಳು ಅವ್ವ ತಲೆ ಎತ್ತದೆ. "ಯೇ ಭೀ ಹಮಾರಾ, ವೋ ಭೀ ಹಮಾರಾ." ಅವರು ಕಾಗದ ನೋಡಿದರು. ಅದರಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ಏನಿರಲಿಲ್ಲ ಅಂತ ಮಾತ್ರ ಗೊತ್ತು. ಹನ್ನೊಂದರ ಮುಂದೆ ನಮ್ಮಪ್ಪನದಲ್ಲದೆ ಬೇರೆ ಹೆಸರು ಇರಲಿಲ್ಲ. ಇಳಿದು ಹೋದರು. ಅವ್ವನ ರೊಟ್ಟಿ ಹೆಂಚಿನ ಮೇಲೆ ಕರ್ರಗೆ ಸುಟ್ಟು ಹೋಗಿತ್ತು. ಜೀವಮಾನದಲ್ಲಿ ಅವಳು ಸುಟ್ಟ ರೊಟ್ಟಿ ಅದೊಂದೇ. ಅದನ್ನು ಎಸೆಯಲು ಖಾಲಾ ಬಿಡಲಿಲ್ಲ. ನಾಲ್ಕು ಚೂರು ಮಾಡಿ ನಾಲ್ಕೂ ಜನ ತಿಂದೆವು.

ಈಗ ಈಚಿನ ಮಾತು. ಅವ್ವ ಇಲ್ಲ, ಖಾಲಾ ಇಲ್ಲ, ಹನ್ನೊಂದರಲ್ಲಿ ರಹಮತ್, ಹನ್ನೆರಡರಲ್ಲಿ ನಾನು. ಚಾಳು ಕೆಡವಿ ಟವರ್ ಕಟ್ಟುತ್ತೇವೆ, ಪ್ರತಿ ಖೋಲಿಗೆ ಒಂದು ಫ್ಲ್ಯಾಟ್ ಅಂತ ಬಿಲ್ಡರ್ ಬಂದ. ಎಲ್ಲರ ಸಹಿ ಆಗಬೇಕು. ಒಂದು ಖೋಲಿಯಲ್ಲಿ ಒಬ್ಬಳು ಮುದುಕಿ ಕೂತರೂ ಬುಲ್ಡೋಜರ್ ಕಾಯಬೇಕು. ಅವರ ಆಫೀಸಿನ ಮೇಡಂ ಒಳ್ಳೆಯವಳೇ, ಓದಿದವಳು. ಎಸಿ ರೂಮಿನಲ್ಲಿ ಕೂರಿಸಿ ನಗುನಗುತ್ತ ಹೇಳಿದಳು: "ಆಂಟಿ, ರೆಕಾರ್ಡ್ ಪ್ರಕಾರ ಇಲೆವೆನ್‌ನಲ್ಲಿ ಬೇರೆ ಫ್ಯಾಮಿಲಿ ಇಲ್ಲ. ಎರಡೂ ಖೋಲಿ ನಿಮ್ಮ ತಂದೆಯವರದು. ನಿಮಗೆ ಎರಡು ಫ್ಲ್ಯಾಟ್. ಕಂಗ್ರಾಜುಲೇಷನ್ಸ್."

"ಅಲ್ಲಿ ರಹಮತ್ ಇದ್ದಾಳಲ್ಲ," ಅಂದೆ. "ನೀವು ಸರ್ವೇಗೆ ಬಂದಾಗ ಚಹಾ ಕೊಟ್ಟವಳು ಅವಳೇ."

"ಇರಬಹುದು. ಚಹಾ ಚೆನ್ನಾಗಿತ್ತು. ಆದರೆ ಹಳೆಯ ಪೇಪರಿನಲ್ಲಿ ಅವರಿಲ್ಲ."

ಒಂಬತ್ತು ವರ್ಷದ ಹುಡುಗಿಯ ಚಂದದ ಕರ್ಸಿವ್ ಅರವತ್ತೈದು ವರ್ಷ ಕಾದು ಹೀಗೆ ಕಚ್ಚಿತು. ರಹಮತ್ ಹತ್ತಿರ ಹೊಸ ಕಾಗದಗಳೆಲ್ಲ ಇದ್ದವು. ಬೇಕಾಗಿದ್ದದ್ದು ಹಳೆಯದು, ಮೊದಲಿನಿಂದ ಇಲ್ಲೇ ಇದ್ದವರು ಅನ್ನುವ ಪುರಾವೆ. ಟ್ರಂಕಿನ ಬಾಡಿಗೆ ಚೀಟಿಗಳೆಲ್ಲ ನಮ್ಮಪ್ಪನ ಹೆಸರಿನವು, ಅದಕ್ಕೂ ಹಿಂದಿನವು ಒಂದೂ ಉಳಿದಿರಲಿಲ್ಲ. ಮೇಡಂ ದಾರಿ ತೋರಿಸಿದಳು. ನಾನು ಒಂದು ಅಫಿಡವಿಟ್ ಕೊಡಬೇಕು, ಆಗ ರಹಮತ್‌ಳ ಕೇಸು ನೋಡಬಹುದು. ಟೈಪ್ ಮಾಡಿಸಿಯೂ ತಂದಿದ್ದಳು. ಎರಡು ಸಲ ಓದಿದೆ, ರೂಢಿ. ಮೊದಲಿನ ಎಂಟ್ರಿ ತಪ್ಪು. ಖೋಲಿ ಬೇರೆ. ಅಡುಗೆ ಮೊದಲಿನಿಂದಲೂ ಬೇರೆ. ಆ ಕುಟುಂಬಕ್ಕೂ ನಮ್ಮ ಕುಟುಂಬಕ್ಕೂ ಯಾವತ್ತೂ ಯಾವ ಬಗೆಯ ಸಂಬಂಧವೂ ಇರಲಿಲ್ಲ.

ಕಾಗದ ಮಡಚಿ ಮೇಜಿನ ಮೇಲೆ ಇಟ್ಟೆ. ಇದಕ್ಕೂ ಸಹಿ ಇಲ್ಲ, ರಹಮತ್‌ಳ ಹೆಸರು ಬರುವ ತನಕ ನಿಮ್ಮ ಟವರಿಗೂ ಸಹಿ ಇಲ್ಲ ಅಂದು ಎದ್ದು ಬಂದೆ.

ನನ್ನನ್ನು ಮೊದಲು ಬೈದವಳು ರಹಮತ್ತೇ. ಮಶೀನ್ ತುಳಿಯುವುದು ನಿಲ್ಲಿಸಿ, ಬಾಯಿಂದ ಸೂಜಿ ತೆಗೆದು ಬೈದಳು. "ಏ ಸುಮಿ, ಬರದು ಕೊಟ್ಟುಬಿಡು. ಸಂಬಂಧಿಲ್ಲ ಅಂತ ಕಾಗದ ಅಂದ್ರ ನಿಮ್ಮವ್ವನ ರೊಟ್ಟಿ ನನ್ನ ಮೈಬಿಟ್ಟು ಹೊರಗ ಬರತಾವೇನು?"

"ಅಡಗಿ ಬ್ಯಾರೆ ಅಂತ ಬರದಾರ. ಸುಳ್ಳು ಅದು."

"ನಕ್ಕೋ ಗೇ, ಬ್ಯಾಡ. ನಿನ್ನ ಸತ್ಯ ತಗೊಂಡು ನಾ ಏನು ಮಾಡ್ಲಿ? ನನಗ ಬಾಗಲಾ ಬೇಕು, ಮಳಿ ಬಂದ್ರ ಹಾಕ್ಕೊಳ್ಳಾಕ ಬಾಗಲಾ. ಸಣ್ಣಾಕಿದ್ದಾಗ ಇಂಗ್ಲಿಷ್ ಬರದು ನನ್ನ ಮನೀ ಅಳಿಸಿದಿ. ಮುದುಕಿ ಆದಮ್ಯಾಲ ಬರೀದ ಅಳಸಾಕತ್ತಿ."

 ಆರು ದಿನ ಅಕ್ಕಪಕ್ಕ ನಿಂತು ಬಟ್ಟೆ ಒಣಹಾಕಿದೆವು, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಗ್ಯಾಲರಿಯಲ್ಲಿ ಉಳಿದವರ ಚುಚ್ಚುಮಾತು ಬೇರೆ. ಎರಡು ಫ್ಲ್ಯಾಟ್ ಸಾಲದೆ ಮೂರನೆಯದಕ್ಕೆ ಮುದುಕಿ ಹಟ ಹಿಡಿದಿದ್ದಾಳೆ ಅಂದರು. ಫೋನಿನಲ್ಲಿ ರಿಯಾ, "ಅಜ್ಜಿ, ಸೈನ್ ಕರ್ ದೋ ನಾ, ಒಂದು ಲೈನ್ ಅಷ್ಟೇ," ಅಂದಳು. ಒಂದು ಲೈನ್ ಅಷ್ಟೇ, ನಿಜ. ಆದರೆ ಆ ಒಂದು ಲೈನಿಗೆ ಸಹಿ ಹಾಕಿದರೆ ಹನ್ನೊಂದರ ಬಾಗಿಲಲ್ಲಿ ಕೂತು ಹಮಾರಾ ಅಂದ ಅವ್ವನನ್ನು ಸುಳ್ಳಿ ಮಾಡಿದಂತೆ. ಅದು ನನ್ನ ಕೈಯಿಂದ ಆಗುವುದಲ್ಲ. ರಹಮತ್‌ಳ ಬಾಗಿಲು ಹೋಗಲಿ ಅನ್ನುವುದೂ ಆಗುವುದಲ್ಲ. ಎರಡೂ ಫ್ಲ್ಯಾಟ್ ತೆಗೆದುಕೊಂಡು ಒಂದನ್ನು ಅವಳಿಗೆ ಕೊಡುವುದೂ ಆಗುವುದಲ್ಲ, ಅವಳದನ್ನು ಅವಳಿಗೇ ದಾನ ಕೊಡಲು ನಾನು ಯಾರು? ಹಾಗಾದರೆ ಉಳಿದದ್ದು ಒಂದೇ: ಆ ಹಳೆಯ ಹಾಳೆಯನ್ನೇ ಹುಡುಕಿ ತೆಗೆಯುವುದು. ಬಿಲ್ಡರ್ ಹತ್ತಿರ ಇದ್ದದ್ದು ಬರೀ ಪಟ್ಟಿ. ನಾನು ಬರೆದ ಹಾಳೆ ಎಲ್ಲೋ ಇರಲೇಬೇಕು.

ಲೋಕಲ್ ಹಿಡಿದು ರೆಕಾರ್ಡ್ ಆಫೀಸಿಗೆ ನಾಲ್ಕು ಸಲ ಹೋದೆ. ಅರ್ಜಿ ಕೊಟ್ಟೆ, ನಾಳೆ ಬನ್ನಿ ಅನ್ನಿಸಿಕೊಂಡೆ, ಬೆಂಚಿನ ಮೇಲೆ ಕೂತು ಬುತ್ತಿ ಬಿಚ್ಚಿ ಉಂಡೆ. ನಾಲ್ಕನೆಯ ಸಲ ಅಲ್ಲಿನ ಕ್ಲಾರ್ಕ್ ಬಾಯಿ, ನನ್ನನ್ನು ನೋಡಿ ನೋಡಿ ಬೇಸತ್ತೋ ಕನಿಕರಪಟ್ಟೋ, ಗೆದ್ದಲು ಹಿಡಿದ ಒಂದು ಕಟ್ಟು ತಂದು ಮುಂದೆ ಹಾಕಿದಳು. ಬ್ಲೂ ಬ್ಲ್ಯಾಕ್ ಇಂಕು ಕಂದಾಗಿತ್ತು, ಅಕ್ಷರ ನನ್ನದೇ. ಒಂಬತ್ತು ಹೆಸರು. ಖಾತೂನ್, ಆಂಟ್. ರಹಮತ್, ವಯಸ್ಸು ಒಂಬತ್ತು, ಸಿಸ್ಟರ್. ಕೊನೆಯಲ್ಲಿ ರಿಮಾರ್ಕ್ಸ್ ಅನ್ನುವ ಕಾಲಮ್ಮು. ಅಲ್ಲಿ ಏನು ಬರೆದಿದ್ದೆನೋ ನನಗೇ ನೆನಪಿರಲಿಲ್ಲ. ಕಂಪ್ಲೀಟ್ ಆನ್ಸರ್ ಬರಿ ಅಂದಿದ್ದರಲ್ಲ ಸಿಸ್ಟರ್. ನಾಲ್ಕು ಹೆಸರುಗಳ ಮುಂದೆ ನಾಲ್ಕು ಸಲ, ಒಂದೂ ಬಿಡದೆ, ಇಂಗ್ಲಿಷಿನಲ್ಲಿ ಬರೆದಿದ್ದೆ: ಉಣ್ಣುವುದು ಹನ್ನೆರಡರಲ್ಲಿ, ಮಲಗುವುದು ಹನ್ನೊಂದರಲ್ಲಿ.

ಆ ಬೆಂಚಿನ ಮೇಲೆ ನಾನು ನಕ್ಕೆನೋ ಅತ್ತೆನೋ ಆ ಕ್ಲಾರ್ಕ್ ಬಾಯಿಯನ್ನೇ ಕೇಳಬೇಕು. ಅವಳು ನೀರು ತಂದುಕೊಟ್ಟಳು.

ಹಾಳೆಯ ನಕಲಿಗೆ ಠಸ್ಸೆ ಹಾಕಿಸಿಕೊಂಡು ಬಂದು, ನನ್ನ ಅಫಿಡವಿಟ್ಟನ್ನು ನಾನೇ ಕೈಯಲ್ಲಿ ಬರೆದೆ. ಖೋಲಿ ಎರಡು, ಬಾಗಿಲು ಎರಡು, ಬೀಗ ಎರಡು, ಸ್ಟೋವು ಒಂದು. ಬರೆದವಳು ನಾನು, ನೋಡಿದವಳೂ ನಾನು. ಮೇಡಂ ಓದಿದಳು, ನಕಲು ನೋಡಿದಳು, ಒಳಗೆ ಹೋಗಿ ದೊಡ್ಡವರನ್ನು ಕೇಳಿ ಬಂದಳು. "ಪುರಾವೆ ಆಯಿತು ಆಂಟಿ. ಆದರೆ ಈ ಸಿಸ್ಟರ್ ಅಂತ ಇರುವುದು ತಪ್ಪಲ್ಲವಾ? ಅದನ್ನಾದರೂ ತಿದ್ದಿ ಕೊಡಿ."

"ಅದು ತಪ್ಪಿ ಬರೆದದ್ದಲ್ಲ," ಅಂದೆ. ಅವಳು ಹಾಳೆಯನ್ನು ಹಾಗೇ ಫೈಲಿಗೆ ಸೇರಿಸಿದಳು.

ಎರಡು ತಿಂಗಳ ಮೇಲೆ ಚಾಳಿನ ಗೋಡೆಗೆ ಹೊಸ ಪಟ್ಟಿ ಅಂಟಿಸಿದರು. ಹನ್ನೊಂದರ ಮುಂದೆ ರಹಮತ್‌ಳ ಹೆಸರು. ಅವಳು ಕನ್ನಡಕ ಮೇಲೆ ಕೆಳಗೆ ಮಾಡಿ ಬಹಳ ಹೊತ್ತು ಓದಿದಳು. ಬೆರಳು ಆಡಿಸಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ನನ್ನ ಹೆಸರು ನಿಂದಕ್ಕಿಂತ ಮ್ಯಾಲ ಐತಿ, ನೋಡಿದ್ಯಾ?" ಅಂದಳು. ಹನ್ನೊಂದು ಹನ್ನೆರಡಕ್ಕಿಂತ ಮೇಲೆಯೇ ಇರುತ್ತದೆ ಅಂತ ನಾನು ಹೇಳಲಿಲ್ಲ. ಸಂಜೆ ಬುಲಾವಿಲ್ಲದೆ ಚಹಾ ಬಂತು. ಮರುದಿನ ಹೋಗಿ ಸಹಿ ಮಾಡಿದೆ. ಅದಕ್ಕಿಂತ ಒಂದು ದಿನ ಮೊದಲೂ ಅಲ್ಲ.

ಕೆಡವುವ ದಿನ ಹೋಗಬೇಡ ಅಂತ ಎಲ್ಲರೂ ಅಂದರು, ನಾವಿಬ್ಬರೂ ಹೋದೆವು. ಮುಂದಿನ ಗೋಡೆ, ಗ್ಯಾಲರಿ ಬಿದ್ದ ಮೇಲೆ ರಸ್ತೆಯಿಂದಲೇ ಖೋಲಿಗಳ ಒಳಗೆಲ್ಲ ಕಾಣುತ್ತಿತ್ತು, ನಾಚಿಕೆಯಾಗುವ ಹಾಗೆ. ಮಾಮಿಯ ದೇವರ ಗೂಡು, ಫಿಲೋಮಿನಾ ಆಂಟಿಯ ಶಿಲುಬೆ ಇದ್ದ ಜಾಗದ ಬಿಳಿ ಗುರುತು. ನಮ್ಮದು ಹಸಿರು ಗೋಡೆ, ಅವರದು ನೀಲಿ. ಎರಡರ ಮೇಲೂ, ನೆಲದಿಂದ ಒಂದೇ ಎತ್ತರದಲ್ಲಿ, ಒಂದೇ ಅಳತೆಯ ಕರಿ ಮಸಿಯ ದುಂಡು. ರಹಮತ್ ನನ್ನ ಮೊಣಕೈ ಹಿಡಿದುಕೊಂಡಳು.  ಮಾಮಿ, ಮಾವಶಿ, ಫಿಲೋಮಿನಾ ಆಂಟಿ, ಖಾಲಾ, ಅವ್ವ, ಅವರೆಲ್ಲರ ಧ್ವನಿಗಳು ಆ ಧೂಳಿನಲ್ಲಿ ಎದ್ದು ಸ್ವಲ್ಪ ಹೊತ್ತು ತೂಗಾಡಿ ಉಪ್ಪಿನ ಗದ್ದೆಗಳಿದ್ದ ಕಡೆ ಹೋದವು. ಗದ್ದೆಗಳೂ ಈಗ ಅಲ್ಲಿಲ್ಲ.

ಟವರ್ ಏಳುವ ತನಕ ನಾವು ಮಲಾಡಿನಲ್ಲಿ, ನಾನು ಈ ಬಿಲ್ಡಿಂಗಿನಲ್ಲಿ, ಅವಳು ರಸ್ತೆಯ ಆಚೆ. ಹೊಸ ಮನೆಯ ನಕ್ಷೆ ತೋರಿಸಿದ್ದಾರೆ. ಇಬ್ಬರಿಗೂ ಬೇರೆ ಬೇರೆ ಕಿಚನ್ ಅಂತ ಹೆಮ್ಮೆಯಿಂದ ಹೇಳಿದರು. ಇರಲಿ. ನಾವಿರುವಾಗ ಆ ಟವರ್ ಎದ್ದರೂ ಸರಿ, ಏಳದಿದ್ದರೂ ಸರಿ, ಪಾಳಿ ತಪ್ಪಿಲ್ಲ. ಸ್ಟೋವು ಒಂದು ತಿಂಗಳು ಅವಳಲ್ಲಿ, ಒಂದು ತಿಂಗಳು ನನ್ನಲ್ಲಿ. ಬಟ್ಟೆಯ ಚೀಲದಲ್ಲಿ ಹಾಕಿಕೊಂಡು, ಮಂಡಿ ನೋವು ಬೈದುಕೊಳ್ಳುತ್ತ, ಸಿಗ್ನಲ್ ನೋಡಿ ರಸ್ತೆ ದಾಟಿ ತರುತ್ತಾಳೆ. ಸೀಮೆಎಣ್ಣೆ ಈಗ ಎಲ್ಲಿ ಸಿಗಬೇಕು? ಆದರೆ ಒಣ ಸ್ಟೋವು ಕೊಡಬಾರದಲ್ಲ. ಅದಕ್ಕೆ ನನ್ನ ಹೊಸ್ತಿಲ ಹೊರಗೇ ನಿಂತು, ಚೀಲದಿಂದ ತೆಗೆದು, ತಿರುಪು ಬಿಗಿ ಮಾಡಿ, ಹತ್ತು ಸಲ ಪಂಪು ಹೊಡೆದು ಗಾಳಿ ತುಂಬಿ ನನ್ನ ಕೈಗೆ ಕೊಡುತ್ತಾಳೆ. ಅವಳು ಲಿಫ್ಟಿನಲ್ಲಿ ಇಳಿದು ಹೋದ ಮೇಲೆ ನಾನು ತಿರುಪು ಸಡಿಲಿಸುತ್ತೇನೆ. ಸುಯ್ ಎಂದು ಗಾಳಿ ಹೊರಬರುತ್ತದೆ, ಸಣ್ಣಗೆ, ಎರಡು ಖೋಲಿಗೆ ಸಾಲುವಷ್ಟು. ಇನ್ನೂ ವಾಸನೆ ಇದೆ.